ಐದಕ್ಕೆ ಮೂರು ಅಂದರೆ ಎಷ್ಟು ಬಲ?

ಲಕ್ವ ಹೊಡೆದವರು, ಸೊಂಟದ ಡಿಸ್ಕ್ ಜಾರಿದವರು, ಬಿದ್ದು ತೊಡೆಮೂಳೆ ಮುರಿದುಕೊಂಡವರು ಆಸ್ಪತ್ರೆಯಿಂದ ಮನೆಗೆ ಬರುವಾಗ ಅವರ ಡಿಸ್‌ಚಾರ್ಜ್ ಸಮ್ಮರಿಯಲ್ಲಿ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: ಬಲಗಾಲು 3/5, ಎಡಗಾಲು 5/5. ಔಷಧಿಯ ಪಟ್ಟಿಯನ್ನು ಮನೆಯವರು ಎರಡೆರಡು ಸಲ ಓದುತ್ತಾರೆ, ಈ ಸಾಲನ್ನು ಹಾಗೇ ದಾಟಿಬಿಡುತ್ತಾರೆ. ಓದಿದವರೂ ಶಾಲೆಯ ಲೆಕ್ಕದಲ್ಲೇ ಓದುತ್ತಾರೆ. ಐದಕ್ಕೆ ಮೂರು ಅಂದರೆ ನೂರಕ್ಕೆ ಅರವತ್ತು, ಅರವತ್ತು ಅಂದರೆ ಫಸ್ಟ್ ಕ್ಲಾಸ್. ಹಾಗಾಗಿ ಪರವಾಗಿಲ್ಲ, ಇನ್ನು ತಾನಾಗೇ ಸರಿಹೋಗುತ್ತದೆ ಎಂದುಕೊಳ್ಳುತ್ತಾರೆ.

ಈ ಲೆಕ್ಕ ತಪ್ಪು. ಇದನ್ನು ನಂಬಿ ವ್ಯಾಯಾಮ ನಿಲ್ಲಿಸಿದವರು ಮತ್ತೆ ಬೀಳಬಹುದು. ಆ ಚಿಕ್ಕ ಅಂಕಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎನ್ನುವುದು ರೋಗಿಗೂ ಅವರನ್ನು ನೋಡಿಕೊಳ್ಳುವವರಿಗೂ ತಿಳಿದಿರಬೇಕು. ಬೆಂಗಳೂರಿನ ನಮ್ಮ ಬೆನ್ಸನ್ ಟೌನ್‌ನಂಥ ಹಳೆಯ ಬಡಾವಣೆಯಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. ಇಲ್ಲಿನ ಹಳೆಯ ಮನೆಗಳಲ್ಲೂ ಅವುಗಳ ಜಾಗದಲ್ಲಿ ಎದ್ದ ಅಪಾರ್ಟ್‌ಮೆಂಟುಗಳಲ್ಲೂ ವಯಸ್ಸಾದವರು ಬಹಳ. ನಂದಿದುರ್ಗ ರಸ್ತೆಯ ಕಡೆಯಿಂದ ಮಿಲ್ಲರ್ಸ್ ರಸ್ತೆಯ ಕಡೆಗೆ ನಡೆದರೆ ಫಿಸಿಯೋಥೆರಪಿ ಬೋರ್ಡುಗಳು ಕಣ್ಣಿಗೆ ಬೀಳುತ್ತವೆ. ಮನೆಗೇ ಬಂದು ವ್ಯಾಯಾಮ ಮಾಡಿಸುವ ಥೆರಪಿಸ್ಟ್‌ಗಳೂ ಇದ್ದಾರೆ. ಅವರು ಮೊದಲ ದಿನ ಬಂದಾಗ ಮಾಡುವ ಮೊದಲ ಕೆಲಸಗಳಲ್ಲಿ ಒಂದು, ತಮ್ಮ ಕೈಯಿಂದಲೇ ರೋಗಿಯ ಸ್ನಾಯುಬಲವನ್ನು ಅಳೆಯುವುದು. ಇದಕ್ಕೆ ಯಂತ್ರ ಬೇಡ, ಕರೆಂಟು ಬೇಡ. ಒಂದು ಮಂಚ, ಎರಡು ಕೈ, ಕಲಿತ ಕಣ್ಣು ಇದ್ದರೆ ಸಾಕು.

ತೊಡೆಯ ಮುಂಭಾಗದ ದೊಡ್ಡ ಸ್ನಾಯುವಿನ ಪರೀಕ್ಷೆಯನ್ನೇ ನೋಡೋಣ. ರೋಗಿಯನ್ನು ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಿಸುತ್ತಾರೆ. 'ಅಮ್ಮಾ, ಕಾಲು ನೀಟಿ' ಅನ್ನುತ್ತಾರೆ ಥೆರಪಿಸ್ಟ್. ಮೊಣಕಾಲಿನ ಕೆಳಗಿನ ಭಾಗ ನೆಲದಿಂದ ಮೇಲೆದ್ದು ಪೂರ್ತಿ ನೇರವಾದರೆ ಗ್ರೇಡ್ 3. ಅಂದರೆ ಆ ಸ್ನಾಯು ಭೂಮಿಯ ಸೆಳೆತವನ್ನು ಗೆದ್ದು ತನ್ನ ಕಾಲಿನ ಭಾರವನ್ನು ತಾನು ಎತ್ತಿತು. ಅಷ್ಟೇ, ಅದಕ್ಕಿಂತ ಹೆಚ್ಚೇನೂ ಇಲ್ಲ. ಆಮೇಲೆ ಥೆರಪಿಸ್ಟ್ ಒಂದು ಅಂಗೈಯನ್ನು ಪಾದದ ಗಿಣ್ಣಿನ ಸ್ವಲ್ಪ ಮೇಲೆ ಇಡುತ್ತಾರೆ, ಇನ್ನೊಂದು ಕೈಯಿಂದ ತೊಡೆ ಅಲುಗದಂತೆ ನೋಡಿಕೊಳ್ಳುತ್ತಾರೆ. ಒತ್ತುವಾಗ ಮೊಣಕಾಲು ಚೂರು ಮಡಿಸಿಯೇ ಇರಬೇಕು. ಪೂರ್ತಿ ನೇರವಾದರೆ ಕೀಲು ಬೀಗ ಹಾಕಿದಂತೆ ನಿಂತುಬಿಡುತ್ತದೆ, ಸ್ನಾಯುವಿಗೆ ಶಕ್ತಿ ಇಲ್ಲದಿದ್ದರೂ ಇರುವಂತೆ ಕಾಣುತ್ತದೆ. 'ಹಾಗೇ ಹಿಡ್ಕೊಳ್ಳಿ, ನಾನು ಒತ್ತಿದರೂ ಬಿಡಬೇಡಿ' ಎಂದು ನಿಧಾನವಾಗಿ ಕೆಳಕ್ಕೆ ಒತ್ತುತ್ತಾರೆ. ಪೂರ್ತಿ ಒತ್ತಿದರೂ ಕಾಲು ಜಗ್ಗದಿದ್ದರೆ 5. ಒಂದಿಷ್ಟು ತಡೆದು ಆಮೇಲೆ ಸೋತರೆ 4.

ಕಾಲು ಮೇಲೇಳಲೇ ಇಲ್ಲವಾದರೆ ಪರೀಕ್ಷೆ ಅಲ್ಲಿಗೆ ಮುಗಿಯುವುದಿಲ್ಲ. ರೋಗಿಯನ್ನು ಮಗ್ಗುಲಾಗಿ ಮಲಗಿಸಿ, ಕಾಲಿನ ಭಾರಕ್ಕೆ ಆಸರೆ ಕೊಟ್ಟು ನೀಟಲು ಹೇಳುತ್ತಾರೆ. ಈಗ ಎತ್ತುವ ಕೆಲಸವಿಲ್ಲ, ಅಡ್ಡಡ್ಡ ಸರಿದರಾಯಿತು. ಹಾಗೆ ಪೂರ್ತಿ ಚಲಿಸಿದರೆ 2. ಅದೂ ಆಗದಿದ್ದರೆ ಮಂಡಿಚಿಪ್ಪಿನ ಮೇಲೂ ಕೆಳಗೂ ಇರುವ ಸ್ನಾಯುರಜ್ಜುವಿನ ಮೇಲೆ ಬೆರಳಿಟ್ಟು 'ಇನ್ನೊಂದು ಸಲ ಪ್ರಯತ್ನ ಮಾಡಿ' ಅನ್ನುತ್ತಾರೆ. ಕಾಲು ಅಲ್ಲಾಡುವುದಿಲ್ಲ, ಆದರೆ ಬೆರಳಿನಡಿ ಏನೋ ಮಿಡಿದಂತಾಗುತ್ತದೆ. ಅದು 1. ಏನೂ ತಿಳಿಯದಿದ್ದರೆ 0.

ಈ ಅಳತೆಯ ಜಾಣ್ಮೆ ಇರುವುದು ನಡುವಿನ 3ರಲ್ಲಿ. ಉಳಿದ ಗ್ರೇಡುಗಳಲ್ಲಿ ಪರೀಕ್ಷಿಸುವವರ ಅಂದಾಜು ಸೇರಿಕೊಳ್ಳುತ್ತದೆ. 3ರಲ್ಲಿ ಅಳತೆಗೋಲು ಭೂಮಿಯ ಸೆಳೆತ. ಅದು ಬೆನ್ಸನ್ ಟೌನ್‌ನಲ್ಲೂ ಅಷ್ಟೇ, ಬೀದರ್‌ನಲ್ಲೂ ಅಷ್ಟೇ, ಬಾಸ್ಟನ್‌ನಲ್ಲೂ ಅಷ್ಟೇ.

ಬಾಸ್ಟನ್ ಹೆಸರು ಎತ್ತಿದ್ದಕ್ಕೆ ಕಾರಣವಿದೆ. ಈ ಪದ್ಧತಿ ಹುಟ್ಟಿದ್ದು ಅಲ್ಲಿ, ಪೋಲಿಯೊ ಪೀಡಿತ ಮಕ್ಕಳ ಮಂಚದ ಪಕ್ಕದಲ್ಲಿ. ಅಲ್ಲಿನ ಮೂಳೆವೈದ್ಯ ರಾಬರ್ಟ್ ಲವೆಟ್ ಅವರ ಸಹಾಯಕಿಯಾಗಿದ್ದ ವಿಲ್‌ಹೆಲ್ಮಿನ್ ರೈಟ್ ಎಂಬಾಕೆ, ಭೂಮಿಯ ಸೆಳೆತವನ್ನೇ ಮಾನದಂಡ ಮಾಡಿಕೊಂಡು ಸ್ನಾಯುಬಲ ಅಳೆಯುವ ಕ್ರಮವನ್ನು 1912ರಲ್ಲಿ ಬರೆದು ಪ್ರಕಟಿಸಿದರು. 1921ರಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರನ್ನು ಪರೀಕ್ಷಿಸಿ ಇದು ಪೋಲಿಯೊ ಎಂದು ಹೇಳಿದವರು ಇದೇ ಲವೆಟ್. ನಾವು ಇಂದು ಬಳಸುವ 0ಯಿಂದ 5ರ ಅಂಕಿಗಳು ಎರಡನೇ ಮಹಾಯುದ್ಧದ ಕಾಲದವು. ಗುಂಡು, ಸಿಡಿಗುಂಡಿನ ಚೂರು ತಗಲಿ ನರ ತುಂಡಾದ ಸೈನಿಕರನ್ನು ಎಲ್ಲ ವೈದ್ಯರೂ ಒಂದೇ ರೀತಿ ಪರೀಕ್ಷಿಸಬೇಕೆಂದು ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಆಗ ಒಂದು ಕೈಪಿಡಿ ಹೊರತಂದಿತು. ಅದರಲ್ಲಿನ ಅಳತೆಯೇ ನಮ್ಮ ಡಿಸ್‌ಚಾರ್ಜ್ ಸಮ್ಮರಿಗಳಲ್ಲಿ ಇಂದಿಗೂ ನಡೆಯುತ್ತಿದೆ. ಅಮೆರಿಕದ ಹೆನ್ರಿ ಮತ್ತು ಫ್ಲಾರೆನ್ಸ್ ಕೆಂಡಾಲ್ ದಂಪತಿ 1949ರಲ್ಲಿ ಹೊರತಂದ ಪುಸ್ತಕ ಒಂದೊಂದು ಸ್ನಾಯುವನ್ನೂ ಬೇರೆಬೇರೆಯಾಗಿ ಪರೀಕ್ಷಿಸುವುದನ್ನು ತಲೆಮಾರುಗಳಿಗೆ ಕಲಿಸಿತು.

ಇಷ್ಟು ಹಳೆಯ, ಇಷ್ಟು ಉಪಯೋಗದ ಅಳತೆಯಲ್ಲೂ ಒಂದು ದೊಡ್ಡ ಕೊರತೆಯಿದೆ. ಅದರ ಮೆಟ್ಟಿಲುಗಳು ಒಂದೇ ಎತ್ತರದವಲ್ಲ. ಮೊಣಕೈ ಮಡಿಸುವ ಬಲದ ಬಗ್ಗೆ 2007ರಲ್ಲಿ ಕೈಶಸ್ತ್ರಚಿಕಿತ್ಸೆಯ ತಜ್ಞರಾದ ಮೆಕವಾಯ್ ಮತ್ತು ಗ್ರೀನ್ ಪ್ರಕಟಿಸಿದ ಅಧ್ಯಯನವೊಂದು ಕಣ್ತೆರೆಸುವಂಥದ್ದು. ಬಲದ ಒಟ್ಟು ವ್ಯಾಪ್ತಿಯಲ್ಲಿ ಶೇ. 96 ಪಾಲು ಗ್ರೇಡ್ 4 ಎಂಬ ಒಂದೇ ಮನೆಯೊಳಗೆ ಬರುತ್ತದೆ, 0ಯಿಂದ 3ರವರೆಗಿನ ಎಲ್ಲ ಗ್ರೇಡುಗಳೂ ಸೇರಿ ಉಳಿದ ಶೇ. 4ರಲ್ಲಿ ಮುಗಿದುಹೋಗುತ್ತವೆ ಎಂದು ಅದು ತೋರಿಸಿತು. ಮುಂಗೈಯ ಭಾರ ಎಷ್ಟಿರುತ್ತದೆ ಎಂದು ಯೋಚಿಸಿದರೆ ಇದರಲ್ಲಿ ಆಶ್ಚರ್ಯವಿಲ್ಲ. ಬರೀ ಕೈಯನ್ನು ಎತ್ತಲು ಬೇಕಾದ ಬಲ ಬಹಳ ಕಡಿಮೆ. ನೀರು ತುಂಬಿದ ಕೊಡವನ್ನು ಎತ್ತಲು ಬೇಕಾದದ್ದು ಅದರ ಎಷ್ಟೋ ಪಟ್ಟು. ಕೊಡವನ್ನು ಕಷ್ಟಪಟ್ಟು ಎತ್ತುವವರೂ, ಒಂದು ಲೋಟ ಮಾತ್ರ ಎತ್ತಬಲ್ಲವರೂ ಇಬ್ಬರೂ 4ರಲ್ಲೇ ಇರಬಹುದು.

ಪ್ರಮಾಣ ಒಂದೊಂದು ಸ್ನಾಯುವಿಗೆ ಒಂದೊಂದು ಥರ. ಆದರೆ ಮನೆಯವರು ತಿಳಿದುಕೊಳ್ಳಬೇಕಾದ ಮಾತು ಒಂದೇ: 3 ಬಂದಾಗ ಕೆಲಸ ಮುಗಿದಿರುವುದಿಲ್ಲ, ಆಗ ತಾನೇ ಶುರುವಾಗಿರುತ್ತದೆ. ಮಂಚದ ಮೇಲೆ ಕೂತು ಮೊಣಕಾಲು ನೀಟುವುದಕ್ಕೂ ಕುರ್ಚಿಯಿಂದ ಎದ್ದು ನಿಲ್ಲುವುದಕ್ಕೂ ಅಜಗಜಾಂತರ. ಮೊದಲನೆಯದರಲ್ಲಿ ಎತ್ತಬೇಕಾದ್ದು ಕಾಲಿನ ಕೆಳಭಾಗ ಮಾತ್ರ, ಎರಡನೆಯದರಲ್ಲಿ ಇಡೀ ಮೈ. ಬಿಎಂಟಿಸಿ ಬಸ್ಸಿನ ಮೊದಲ ಮೆಟ್ಟಿಲು, ಕಂಟೋನ್ಮೆಂಟ್ ಸ್ಟೇಷನ್ನಿನ ಮೇಲುಸೇತುವೆ, ಮನೆಯ ಬಚ್ಚಲಿನ ಹೊಸ್ತಿಲು, ಇವು ಯಾವುವೂ ಗ್ರೇಡ್ 3ರ ಕಾಲಿಗೆ ಸುಲಭವಾಗಿ ದಾಟಲಾಗುವಂಥವಲ್ಲ. ಹಾಗೆಯೇ 0 ಹೋಗಿ 1 ಬಂದಾಗ 'ಕಾಲು ಇನ್ನೂ ಅಲ್ಲಾಡ್ತಿಲ್ಲವಲ್ಲ' ಎಂದು ಕೈಚೆಲ್ಲುವುದೂ ತಪ್ಪು. ಆ ಮಿಡಿತ ಸಿಕ್ಕಿತೆಂದರೆ ನರದ ದಾರಿ ಪೂರ್ತಿ ಮುಚ್ಚಿಲ್ಲ ಎಂದರ್ಥ. ಇಡೀ ಪಟ್ಟಿಯಲ್ಲಿ ಅದರಷ್ಟು ಭರವಸೆ ಕೊಡುವ ಹೆಜ್ಜೆ ಬೇರೊಂದಿಲ್ಲ.

ಕೈಯಿಂದ ಅಳೆಯುವುದು ಸುಲಭವಾಗಿ ಕಾಣುತ್ತದೆ. ಸರಿಯಾಗಿ ಅಳೆಯುವುದು ಕಷ್ಟ. ಸೋತ ಸ್ನಾಯುವಿನ ಕೆಲಸವನ್ನು ಪಕ್ಕದ ಸ್ನಾಯು ಸದ್ದಿಲ್ಲದೆ ವಹಿಸಿಕೊಳ್ಳುತ್ತದೆ. ತೋಳು ಪಕ್ಕಕ್ಕೆತ್ತಿ ಎಂದರೆ ಕೆಲವರು ಭುಜವನ್ನೇ ಕಿವಿಯ ಕಡೆಗೆ ಎತ್ತುತ್ತಾರೆ. ಮಗ್ಗುಲಾಗಿ ಮಲಗಿ ಕಾಲು ಮೇಲೆತ್ತಿ ಎಂದರೆ ಸೊಂಟವನ್ನು ಹಿಂದಕ್ಕೆ ಹೊರಳಿಸಿ ಬೇರೆ ಸ್ನಾಯುವಿನಿಂದ ಎತ್ತುತ್ತಾರೆ. ರೋಗಿ ಬೇಕೆಂದು ಮೋಸ ಮಾಡುತ್ತಿಲ್ಲ, ದೇಹ ತನಗೆ ತೋಚಿದ ದಾರಿ ಹುಡುಕಿಕೊಂಡಿರುತ್ತದೆ. ಅದನ್ನು ಹಿಡಿಯದ ಥೆರಪಿಸ್ಟ್ 2 ಇರುವಲ್ಲಿ 4 ಬರೆದುಬಿಡುತ್ತಾರೆ. ಇನ್ನು ಮೀನಖಂಡದ ವಿಷಯಕ್ಕೆ ಬಂದರೆ ಅಲ್ಲಿ ಕೈಗೆ ಕೆಲಸವೇ ಇಲ್ಲ. ಇಡೀ ದೇಹವನ್ನು ತುದಿಗಾಲಿನ ಮೇಲೆತ್ತುವ ಆ ಸ್ನಾಯುವನ್ನು ಯಾರ ಕೈಯೂ ಒತ್ತಿ ಸೋಲಿಸಲಾರದು. ಅದಕ್ಕೇ ಒಂಟಿ ಕಾಲಿನಲ್ಲಿ ನಿಲ್ಲಿಸಿ ಹಿಮ್ಮಡಿ ಎತ್ತಿಸುತ್ತಾರೆ. ಒಂದೇ ಸಮನೆ 25 ಸಲ ಎತ್ತಿದರೆ 5.

ಪರೀಕ್ಷೆಯ ಅರ್ಧ ಭಾಗ ರೋಗಿಯ ಕೈಯಲ್ಲೂ ಇದೆ. ಹೇಳಿದ್ದು ಅರ್ಥವಾಗದಿದ್ದರೆ, ನೋವಿದ್ದರೆ, ಭಯವಿದ್ದರೆ, ಪೂರ್ತಿ ಬಲ ಹಾಕುವುದಿಲ್ಲ. ದಂಡಿನ ಈ ಭಾಗದಲ್ಲಿ ಒಂದೇ ಬೀದಿಯಲ್ಲಿ ನಾಲ್ಕು ಭಾಷೆ. 'ಬಿಡಬೇಡಿ' ಎಂದಷ್ಟೇ ಬಲ್ಲ ಥೆರಪಿಸ್ಟ್‌ಗೆ ಇಲ್ಲಿ ಕೆಲಸ ನಡೆಯುವುದಿಲ್ಲ. ಒಂದು ಮನೆಯಲ್ಲಿ 'ವಿಡಾದೀಂಗ', ಇನ್ನೊಂದು ಮನೆಯಲ್ಲಿ 'ಛೋಡೊ ನಕ್ಕೋ' ಎನ್ನಬೇಕು. ರೋಗಿಗೆ ತನ್ನ ಮನೆಮಾತಿನಲ್ಲಿ ಹೇಳಿದಾಗ ಬರುವ ಬಲವೇ ನಿಜವಾದ ಬಲ.

ನಮ್ಮ ಪೂರ್ವ ಬೆಂಗಳೂರಿಗೆ ಈ ಅಳತೆಯೊಂದಿಗೆ ಹಳೆಯ ನಂಟಿದೆ. ಬೆನ್ಸನ್ ಟೌನ್‌ಗೆ ದೂರವೇನಲ್ಲದ ಲಿಂಗರಾಜಪುರದಲ್ಲಿ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ ಸಂಸ್ಥೆಯಿದೆ. ಸ್ವತಃ ಅಂಗವೈಕಲ್ಯವಿದ್ದ ಎನ್.ಎಸ್. ಹೇಮಾ 1959ರಲ್ಲಿ ಕಟ್ಟಿದ ಸಂಸ್ಥೆ ಅದು. ಪೋಲಿಯೊ ಇನ್ನೂ ಮಕ್ಕಳ ಕಾಲು ಕಸಿಯುತ್ತಿದ್ದ ಕಾಲ. ತೊಡೆಯ ಮೇಲೆ ಕೈ ಊರಿ, ಪ್ರತಿ ಹೆಜ್ಜೆಗೂ ಬಾಗಿ ನಡೆಯುವ ಮಕ್ಕಳನ್ನು ಅಂದು ಪ್ರತಿ ಊರಿನಲ್ಲೂ ಕಾಣಬಹುದಿತ್ತು. ತೊಡೆಯ ಸ್ನಾಯು 3ಕ್ಕಿಂತ ಕೆಳಗಿಳಿದಾಗ ಮೊಣಕಾಲು ಮಡಿಸಿಬೀಳದಂತೆ ಕೈಯೇ ಆ ಸ್ನಾಯುವಿನ ಕೆಲಸ ಮಾಡುತ್ತದೆ. ಅಂಥ ಮಗುವಿಗೆ ಕಾಲಿಗೆ ಆಸರೆಯಾಗಿ ಕಟ್ಟುವ ಕ್ಯಾಲಿಪರ್ ಬೇಕೇ, ಬೇಕಾದರೆ ಮೊಣಕಾಲಿನ ಮೇಲಿನವರೆಗೋ ಕೆಳಗಿನವರೆಗೋ, ಆಪರೇಷನ್ನಿನಿಂದ ಉಪಯೋಗವಿದೆಯೇ ಎಂಬುದನ್ನೆಲ್ಲ ಒಂದೊಂದು ಸ್ನಾಯುವಿನ ಗ್ರೇಡ್ ಬರೆದ ಸ್ನಾಯು ಪಟ್ಟಿ ನೋಡಿಯೇ ನಿರ್ಧರಿಸಬೇಕು. ಗಟ್ಟಿಯಿರುವ ಸ್ನಾಯುವೊಂದರ ರಜ್ಜುವನ್ನು ಬಿಡಿಸಿ ಸೋತ ಸ್ನಾಯುವಿನ ಜಾಗಕ್ಕೆ ಜೋಡಿಸುವ ಶಸ್ತ್ರಚಿಕಿತ್ಸೆಯಿದೆ. ಹಾಗೆ ಜಾಗ ಬದಲಿಸಿದ ಸ್ನಾಯು ಸಾಮಾನ್ಯವಾಗಿ ಒಂದು ಗ್ರೇಡ್ ಕಳೆದುಕೊಳ್ಳುತ್ತದೆ. ಆದ್ದರಿಂದ ಕನಿಷ್ಠ 4 ಇರುವ ಸ್ನಾಯುವನ್ನೇ ಆರಿಸಿಕೊಳ್ಳಬೇಕು. 3 ಇರುವುದನ್ನು 4 ಎಂದು ತಪ್ಪಾಗಿ ಬರೆದರೆ ಆಪರೇಷನ್ ಆದಮೇಲೆ ಅಲ್ಲಿ ಉಳಿಯುವುದು 2. ಆ ಮಗು ಇದ್ದ ಬಲವನ್ನೂ ಕಳೆದುಕೊಂಡಂತೆ.

ಭಾರತದಲ್ಲಿ ಸಹಜ ಪೋಲಿಯೊ ವೈರಾಣುವಿನ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿ 13ರಂದು, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ರಂದು ಭಾರತ ಸೇರಿದ ಆಗ್ನೇಯ ಏಷ್ಯಾ ಪ್ರದೇಶಕ್ಕೆ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ಆದರೂ 15 ವರ್ಷದೊಳಗಿನ ಯಾವ ಮಗುವಿನ ಕೈಕಾಲು ಇದ್ದಕ್ಕಿದ್ದಂತೆ ಸೋತರೂ ಇಂದಿಗೂ ವರದಿಯಾಗಬೇಕು, ಮಲದ ಮಾದರಿ ಹೋಗಬೇಕು. ಬಲಹೀನತೆ ಉಳಿದಿದೆಯೇ ಎಂದು 60 ದಿನಗಳ ನಂತರ ನೋಡುವ ನಿಯಮವೂ ಇದೆ. ಆ ನೋಟದಲ್ಲೂ ದುಡಿಯುವುದು ಪರೀಕ್ಷಿಸುವವರ ಕೈಯೇ. ಇನ್ನು ಅಂದು ಪೋಲಿಯೊ ಪೀಡಿತ ಮಕ್ಕಳಾಗಿದ್ದವರಿಗೆ ಇಂದು ಐವತ್ತು, ಅರವತ್ತು. ಅವರಲ್ಲಿ ಕೆಲವರಿಗೆ ದಶಕಗಳ ನಂತರ ಹೊಸದಾಗಿ ಬಲ ಕುಗ್ಗುತ್ತದೆ, ಬೇಗ ದಣಿವಾಗುತ್ತದೆ. ಹಳೆಯ ಪಟ್ಟಿ ಕೈಯಲ್ಲಿದ್ದರೆ ಎಷ್ಟು ಇಳಿದಿದೆ ಎಂದು ತಿಳಿಯುತ್ತದೆ, ಇಲ್ಲದಿದ್ದರೆ ಊಹೆಯೇ ಗತಿ.

ಕುಷ್ಠರೋಗದಲ್ಲಿ ಈ ಪರೀಕ್ಷೆಯ ಬೆಲೆ ಇನ್ನೂ ಹೆಚ್ಚು. ಮಾಗಡಿ ರಸ್ತೆಯ ಸುಮನಹಳ್ಳಿ ಕುಷ್ಠಪೀಡಿತರ ಆಸರೆಯಾದದ್ದು 1970ರ ದಶಕದ ಕೊನೆಯಲ್ಲಿ. ಸರ್ಕಾರದ ಕೋರಿಕೆಗೆ ಒಪ್ಪಿ ಆ ಹೊಣೆ ಹೊತ್ತವರು ಆಗಿನ ಬೆಂಗಳೂರಿನ ಆರ್ಚ್‌ಬಿಷಪ್ ಅರೋಕಿಯಸ್ವಾಮಿ. ಕುಷ್ಠ ರೋಗಾಣು ಚರ್ಮದ ಜೊತೆಗೆ ನರಗಳನ್ನೂ ತಿನ್ನುತ್ತದೆ. ಆದ್ದರಿಂದ ಆರೋಗ್ಯ ಕಾರ್ಯಕರ್ತರು ಕೆಲವೇ ನಿಮಿಷದಲ್ಲಿ ಮುಗಿಯುವ ಐದು ಪರೀಕ್ಷೆ ಮಾಡುತ್ತಾರೆ: ಕಣ್ಣು ಬಿಗಿಯಾಗಿ ಮುಚ್ಚಿ, ಕಿರುಬೆರಳನ್ನು ಹೊರಕ್ಕೆ ಸರಿಸಿ, ಅಂಗೈ ಮೇಲಾಗಿಟ್ಟು ಹೆಬ್ಬೆರಳನ್ನು ಸೂರಿನ ಕಡೆ ಎತ್ತಿ, ಮಣಿಕಟ್ಟು ಮೇಲಕ್ಕೆತ್ತಿ, ಪಾದ ಮೇಲಕ್ಕೆತ್ತಿ. ಒಂದೊಂದೂ ಒಂದೊಂದು ನರದ ಸುದ್ದಿ ಹೇಳುತ್ತದೆ. ಇಲ್ಲಿ ಆರು ಗ್ರೇಡಿನ ಗೊಡವೆಯೂ ಬೇಡ. ಬಲವಿದೆ, ಕುಗ್ಗಿದೆ, ಇಲ್ಲ ಎಂದು ಮೂರೇ ಮಾತಿನಲ್ಲಿ ಬರೆದರೂ ಸಾಕು. ಕಳೆದ ತಿಂಗಳು ಬಲವಿದ್ದ ಕಿರುಬೆರಳು ಈ ತಿಂಗಳು ಸೋತಿದ್ದರೆ ನರಕ್ಕೆ ಪೆಟ್ಟು ಬಿದ್ದಿದೆ ಎಂದೇ ಲೆಕ್ಕ. ಆರು ತಿಂಗಳೊಳಗೆ ಗೊತ್ತಾದರೆ ಸ್ಟೀರಾಯ್ಡ್ ಔಷಧಿಯಿಂದ ಬಲ ಮರಳುವ ಅವಕಾಶವಿದೆ, ತಡವಾದರೆ ಬೆರಳು ಮಡಿಸಿಕೊಂಡು ಹಾಗೇ ಉಳಿಯುತ್ತದೆ. ಹಾಗೆ ಮಡಿಸಿದ ಬೆರಳುಗಳನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಗೆ ಜಗತ್ತಿನಲ್ಲೇ ದಾರಿ ತೋರಿದವರು ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿದ್ದ ಡಾ. ಪಾಲ್ ಬ್ರ್ಯಾಂಡ್.

ತೀವ್ರ ನಿಗಾ ಘಟಕದಲ್ಲೂ ಇದೇ ಕೈ ಕೆಲಸಕ್ಕೆ ಬರುತ್ತದೆ. ಗಿಲಿಯನ್ ಬಾರೆ ರೋಗದಲ್ಲಿ ಕಾಲಿನಿಂದ ಶುರುವಾದ ಸೋಲು ದಿನಗಳಲ್ಲೇ ಮೇಲೇರುತ್ತದೆ. 2025ರ ಆರಂಭದಲ್ಲಿ ಪುಣೆಯಲ್ಲಿ ಇದು ಹಲವರನ್ನು ಕಾಡಿದ್ದು ಓದುಗರಿಗೆ ನೆನಪಿರಬಹುದು. ಅಂಥವರಲ್ಲಿ ಭುಜ, ಮೊಣಕೈ, ಮಣಿಕಟ್ಟು, ಸೊಂಟದ ಕೀಲು, ಮೊಣಕಾಲು, ಪಾದ ಹೀಗೆ ಆರು ಕಡೆ, ಎಡ ಬಲ ಎರಡೂ ಬದಿ ಪರೀಕ್ಷಿಸಿ ಗ್ರೇಡುಗಳನ್ನು ಕೂಡಿಸುತ್ತಾರೆ. ಪೂರ್ತಿ ಬಲವಿದ್ದರೆ ಒಟ್ಟು 60. ದಿನದಿನದ ಮೊತ್ತವನ್ನು ಪಕ್ಕಪಕ್ಕ ಇಟ್ಟು ನೋಡಿದರೆ ರೋಗ ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯುತ್ತದೆ.

ಈ ಅಂಕಿ ಆಸ್ಪತ್ರೆಯ ಆಚೆಗೂ ಹೋಗುತ್ತದೆ. ಅಂಗವಿಕಲರ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದವರನ್ನು ವೈದ್ಯರು ಪರೀಕ್ಷಿಸುವಾಗ ಸ್ನಾಯುಬಲವನ್ನೂ ಹೀಗೆಯೇ ಅಳೆಯುತ್ತಾರೆ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯ ಕೋಷ್ಟಕದಲ್ಲಿ ಗ್ರೇಡ್ 0 ಇದ್ದರೆ ಬಲದ ನಷ್ಟ ಶೇ. 100, 1 ಇದ್ದರೆ 80, 2 ಇದ್ದರೆ 60, 3 ಇದ್ದರೆ 40, 4 ಇದ್ದರೆ 20, 5 ಇದ್ದರೆ ಸೊನ್ನೆ ಎಂದಿತ್ತು. ಕೀಲಿನ ಚಲನೆ ಮುಂತಾದ ಬೇರೆ ಲೆಕ್ಕಗಳ ಜೊತೆ ಇದನ್ನು ಸೇರಿಸಿ ಒಟ್ಟು ಅಂಗವೈಕಲ್ಯದ ಪ್ರಮಾಣ ಕಟ್ಟುತ್ತಾರೆ. ಆ ಪ್ರಮಾಣ ಶೇ. 40 ಮುಟ್ಟಿದರೆ ಕಾನೂನಿನ ಸವಲತ್ತುಗಳಿಗೆ ದಾರಿ ತೆರೆಯುತ್ತದೆ: ಮೀಸಲಾತಿ, ಪಿಂಚಣಿ, ರಿಯಾಯಿತಿ ಬಸ್ ಪಾಸ್. ಮುಟ್ಟದಿದ್ದರೆ ಇಲ್ಲ. ಎಲ್ಲರಿಗೂ ಒಂದೇ ನಿಯಮ ಇರಲೆಂದು ಮಾಡಿದ ಸರಳ ಕೋಷ್ಟಕವಿದು, ಉದ್ದೇಶ ಒಳ್ಳೆಯದೇ. ಆದರೆ ಇಪ್ಪತ್ತಿಪ್ಪತ್ತರ ಸಮಾನ ಮೆಟ್ಟಿಲುಗಳು ದೇಹದಲ್ಲಿ ಇಲ್ಲ ಎನ್ನುವುದನ್ನು ಮೊಣಕೈಯ ಅಧ್ಯಯನದಲ್ಲೇ ನೋಡಿದೆವು. ಗ್ರೇಡ್ 4 ಎಂದು ಬರೆಸಿಕೊಂಡವರು ಐದನೇ ಒಂದು ಪಾಲು ಬಲ ಮಾತ್ರ ಕಳೆದುಕೊಂಡಿದ್ದಾರೆ ಎಂದು ಕಾಗದ ಹೇಳುತ್ತದೆ. ನಿಜವಾಗಿ ಅವರು ಅರ್ಧಕ್ಕಿಂತ ಹೆಚ್ಚು ಕಳೆದುಕೊಂಡಿರಬಹುದು. ಒಬ್ಬರ ಬದುಕಿನ ಆಧಾರವನ್ನೇ ನಿರ್ಧರಿಸುವ ಕಡೆ 4ರಷ್ಟು ಅಗಲವಾದ ಗ್ರೇಡನ್ನು ಕೈಯ ಅಂದಾಜಿಗೆ ಮಾತ್ರ ಬಿಡಬಾರದು. ಒತ್ತಿದ ಬಲವನ್ನು ಕಿಲೋ ಲೆಕ್ಕದಲ್ಲಿ ತೋರಿಸುವ, ಅಂಗೈಯಲ್ಲಿ ಹಿಡಿಯುವ ಡೈನಮೋಮೀಟರ್ ಎಂಬ ಸಾಧನವಿದೆ. ಪ್ರಮಾಣಪತ್ರ ಕೊಡುವ ಪ್ರತಿ ಸರ್ಕಾರಿ ಆಸ್ಪತ್ರೆಯಲ್ಲೂ ಅದು ಇರಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕೈಯ ಅಳತೆ ಎಲ್ಲ ಕಡೆಗೂ ಒಗ್ಗುವುದಿಲ್ಲ ಎನ್ನುವುದೂ ನೆನಪಿರಲಿ. ಹೊಸದಾಗಿ ಮುರಿದ ಮೂಳೆ, ಹೊಲಿದ ಸ್ನಾಯುರಜ್ಜು ಇರುವ ಕಡೆ ಒತ್ತಿ ನೋಡಬಾರದು. ಲಕ್ವದ ನಂತರ ಕೈಕಾಲು ಬಿಗಿತಗೊಂಡಿದ್ದರೆ ಆ ಬಿಗಿತವೇ ಬಲದಂತೆ ತೋರಿ ಅಂಕಿ ದಾರಿತಪ್ಪಿಸುತ್ತದೆ. ವಯಸ್ಸಾದವರಲ್ಲಿ ಎಲ್ಲ ಸ್ನಾಯುವೂ 5 ಎಂದು ಬಂದರೂ ಒಟ್ಟು ಬಲ ಕುಸಿದಿರಬಹುದು. ಅವರಿಗೆ ಬೇರೆ ಪರೀಕ್ಷೆಯಿದೆ: ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರುವುದು. 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಸ್ನಾಯು ಸವೆಯುತ್ತಿರಬಹುದು ಎಂದು ಏಷ್ಯಾದ ತಜ್ಞರ ತಂಡವೊಂದು 2019ರಲ್ಲಿ ಹೇಳಿದೆ. ಮಗ್ಗುಲಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು ಮನೆಯಲ್ಲೇ ನೋಡಬಹುದು. ಹೆಚ್ಚು ಹೊತ್ತು ಹಿಡಿದರೆ ವೈದ್ಯರನ್ನು ಕಾಣಬೇಕು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಫಿಸಿಯೋಥೆರಪಿ ನಡೆಯುತ್ತಿದ್ದರೆ ನನ್ನ ವಿನಂತಿ ಇಷ್ಟು. ಮೊದಲ ದಿನವೇ ಯಾವ ಸ್ನಾಯು ಎಷ್ಟು ಗ್ರೇಡ್ ಎಂದು ಕೇಳಿ, ತಾರೀಖಿನೊಂದಿಗೆ ಬರೆಸಿಕೊಳ್ಳಿ. ಸಾಧ್ಯವಾದಷ್ಟು ಒಬ್ಬರೇ ಥೆರಪಿಸ್ಟ್, ಅದೇ ಭಂಗಿಯಲ್ಲಿ, ಹೆಚ್ಚುಕಡಿಮೆ ಅದೇ ಹೊತ್ತಿನಲ್ಲಿ ಮತ್ತೆ ಅಳೆಯಲಿ. 1 ಬಂದರೆ ಧೈರ್ಯ ತಂದುಕೊಳ್ಳಿ, 3 ಬಂದರೆ ನಿಲ್ಲಿಸಬೇಡಿ, 4 ಬಂದರೆ 'ಮೆಟ್ಟಿಲು ಹತ್ತಬಹುದಾ, ಎಷ್ಟು ಭಾರ ಎತ್ತಬಹುದು' ಎಂದು ಕೇಳಿ. ಅಂಗವಿಕಲರ ಪ್ರಮಾಣಪತ್ರಕ್ಕೆ ಹೋಗುವಾಗ ಈ ಹಾಳೆಗಳನ್ನೆಲ್ಲ ಜೊತೆಗೆ ಒಯ್ಯಿರಿ. ಕೇಳಿದರೆ ಬೇಸರಪಟ್ಟುಕೊಳ್ಳುವ ಥೆರಪಿಸ್ಟ್‌ಗಿಂತ, ಕೇಳುವ ಮೊದಲೇ ಬರೆದುಕೊಡುವ ಥೆರಪಿಸ್ಟ್‌ನನ್ನು ಆರಿಸಿಕೊಳ್ಳಿ.